ಲಾಯಿಲದ ಒಳದಾರಿಗಳಲ್ಲಿ ಸೈಕಲ್ ಪಯಣ

ಪ್ರವಾಸವೆಂಬುದು ನಮ್ಮ ಮನೆಗಳಲ್ಲಿ ಈಗ ಅಪರೂಪದ ಸಂಗತಿಯಲ್ಲ. ದಸರೆಯೋ ಬೇಸಿಗೆಯ ರಜೆಯೋ ಬಂದರೆ ಮನೆಮಂದಿಯೆಲ್ಲ ಒಂದು ವಾಹನ ಗೊತ್ತುಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಶೃಂಗೇರಿ, ಹೊರನಾಡುಗಳನ್ನು ಎರಡು ಮೂರು ದಿನಗಳಲ್ಲಿ ಮುಗಿಸಿ ಹಿಂದಿರುಗುತ್ತೇವೆ. ಕ್ಷೇತ್ರದರ್ಶನವೇನೋ ಆಗುತ್ತದೆ. ಆದರೆ ಒಂದು ಕ್ಷೇತ್ರಕ್ಕೂ ಇನ್ನೊಂದು ಕ್ಷೇತ್ರಕ್ಕೂ ನಡುವೆ ಇರುವ ನಾಡು, ಅಲ್ಲಿಯ ತೋಟ, ಹೊಳೆ, ಮನೆಯಂಗಳ, ಮನುಷ್ಯರು, ಎಲ್ಲವೂ ಕಿಟಕಿಯ ಗಾಜಿನಾಚೆ ಓಡಿಹೋಗುತ್ತವೆ. ಮನೆಗೆ ಬಂದ ಮೇಲೆ ಮಕ್ಕಳನ್ನು ಕೇಳಿದರೆ ಗುಡಿಯ ಸರತಿ ಸಾಲೂ ಹೋಟೆಲಿನ ಊಟವೂ ನೆನಪಿರುತ್ತವೆಯೇ ಹೊರತು ದಾರಿ ನೆನಪಿರುವುದಿಲ್ಲ.

ನಮ್ಮ ಪರಂಪರೆಯಲ್ಲಿ ದಾರಿಗೆ ದೊಡ್ಡ ಸ್ಥಾನವಿದೆ. ಜಂಗಮವೆಂದರೆ ಚಲಿಸುವುದು. ಒಂದೇ ಕಡೆ ನೆಲೆಯೂರದೆ ಊರಿಂದೂರಿಗೆ ನಡೆದು, ಭಕ್ತರ ಮನೆಯ ಬಾಗಿಲಲ್ಲಿ ನಿಂತು, ಆ ಮನೆಯ ಸುಖದುಃಖ ಕೇಳಿ ಮುಂದೆ ಸಾಗಿದವರನ್ನು ನಮ್ಮ ಹಿರಿಯರು ಗೌರವಿಸಿದರು. ಅಂತಹ ಕಾಲ್ನಡಿಗೆ ಇಂದಿನ ಗೃಹಸ್ಥರಿಗೆ ಸುಲಭವಲ್ಲ. ಆದರೆ ಕಾಲ್ನಡಿಗೆಗೂ ಕಾರಿಗೂ ನಡುವೆ ಒಂದು ಸಾಧನ ನಮ್ಮ ಮನೆಗಳ ಮೂಲೆಯಲ್ಲೇ ತುಕ್ಕು ಹಿಡಿಯುತ್ತ ನಿಂತಿದೆ. ಅದು ಸೈಕಲ್ಲು. ಅದರ ಮೇಲೆ ಕುಳಿತು ನಾವು ಕಂಡ ಒಂದು ಸೀಮೆಯ ಕುರಿತು ಓದುಗ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ನಾವು ದಂಪತಿಗಳು ಹಾವೇರಿ ಜಿಲ್ಲೆಯ ಬಯಲುಸೀಮೆಯವರು. ಉದ್ಯೋಗದ ನಿಮಿತ್ತ 2016ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಲಾಯಿಲಕ್ಕೆ ಬಂದು ನೆಲೆಸಿದೆವು. ಲಾಯಿಲವು ಬೆಳ್ತಂಗಡಿ ಪೇಟೆಗೆ ತಾಗಿಕೊಂಡೇ, ಉಜಿರೆಯ ದಿಕ್ಕಿಗೆ ಇರುವ ಗ್ರಾಮ. ಮಂಗಳೂರಿನಿಂದ ಚಾರ್ಮಾಡಿ ಘಾಟಿಯನ್ನು ಏರಿ ಮೂಡಿಗೆರೆಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಯೇ ಹಾದುಹೋಗುತ್ತದೆ. ಮೋಡವಿಲ್ಲದ ದಿನ ಕಣ್ಣೆತ್ತಿದರೆ ಗಡಾಯಿಕಲ್ಲಿನ ಒಂಟಿ ಬಂಡೆ ಕಾಣುತ್ತದೆ, ಅದರ ಹಿಂದೆ ಕುದುರೆಮುಖ ಶ್ರೇಣಿಯ ನೀಲಿ ಗೋಡೆ. ಕಣ್ಣು ಹಾಯುವವರೆಗೂ ಸಮತಟ್ಟಾದ ಎರೆಹೊಲಗಳನ್ನು ನೋಡಿ ಬೆಳೆದ ನಮಗೆ, ನೂರು ಮಾರು ಹೋದರೆ ಏರು, ಮತ್ತೆ ನೂರು ಮಾರಿಗೆ ಇಳಿಜಾರು ಎಂಬ ಈ ನೆಲ ಮೊದಮೊದಲು ದಿಕ್ಕು ತಪ್ಪಿಸಿತು. ಮನೆಗಳು ಕೂಡ ನಮ್ಮ ಕಡೆಯಂತೆ ಒಂದಕ್ಕೊಂದು ಅಂಟಿಕೊಂಡಿರುವುದಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ. ಆ ಮನೆಗಳನ್ನೆಲ್ಲ ಪೋಣಿಸುವ ಕಿರಿದಾದ ಪಂಚಾಯತಿ ರಸ್ತೆಗಳು ಈ ಸೀಮೆಯ ತುಂಬ ಬಲೆಯಂತೆ ಹರಡಿವೆ. ಕಾರಿನವರು ಈ ಒಳದಾರಿಗಳ ಕಡೆ ತಿರುಗಿಯೂ ನೋಡುವುದಿಲ್ಲ.

ಸೈಕಲ್ಲಿನ ವಿಚಾರ ನಮ್ಮ ಮನೆಯೊಳಗೆ ಬಂದದ್ದು ವಿಹಾರದ ರೂಪದಲ್ಲಲ್ಲ, ಒಂದು ಚಿಂತೆಯ ರೂಪದಲ್ಲಿ. 2023ರ ಜೂನಿನಲ್ಲಿ ಮಗಳು ಎಂಟನೆಯ ತರಗತಿಗೆ ಕಾಲಿಟ್ಟಳು. ಶಾಲೆ ಮನೆಯಿಂದ ನಾಲ್ಕು ಕಿಲೋಮೀಟರ್. ತಾನು ಸೈಕಲ್ಲಿನಲ್ಲಿಯೇ ಹೋಗುವೆನೆಂದು ಅವಳು ಹಟ ಹಿಡಿದಳು. ಅದೇ ವರ್ಷ ಪುಂಜಾಲಕಟ್ಟೆಯಿಂದ ಚಾರ್ಮಾಡಿಯವರೆಗೆ ಹೆದ್ದಾರಿಯನ್ನು ಅಗಲಗೊಳಿಸುವ ಕೆಲಸವೂ ಆರಂಭವಾಯಿತು. ಮರಗಳು ಉರುಳಿದವು, ಗುಡ್ಡಗಳನ್ನು ಕಡಿದರು, 2024ರ ಮಳೆಗಾಲದಲ್ಲಂತೂ ಕೆಂಪು ಕೆಸರು ರಸ್ತೆಯನ್ನೇ ನುಂಗಿತು. ಆ ಮಳೆಗಾಲದ ಒಂದು ಸಂಜೆ ಹಿಂದಿನಿಂದ ಬಂದ ಲಾರಿಯೊಂದು ಕೂದಲೆಳೆಯ ಅಂತರದಲ್ಲಿ ಮುಂದೆ ಸಾಗಲು, ಮಗಳು ಸೈಕಲ್ ಸಮೇತ ಅಂಚಿನ ಕೆಸರಿಗೆ ಬಿದ್ದು, ಮೊಣಕೈ ತರಚಿಕೊಂಡು ಮನೆಗೆ ಬಂದಳು. ಪೆಟ್ಟು ದೊಡ್ಡದಲ್ಲ. ಆದರೆ ಮನೆಯಲ್ಲಿ ಎದ್ದ ಮಾತು ದೊಡ್ಡದಾಯಿತು.

ನಮ್ಮೊಡನೆ ಇರುವ ಅವ್ವ ಆ ರಾತ್ರಿ ಊಟಕ್ಕೆ ಕೂಡಲಿಲ್ಲ. "ಬೆಳದ ಹೆಣ್ಣ ಹುಡುಗಿ. ನಾಳೆ ಕೈಕಾಲು ಮುರಕೊಂಡ್ರ ಯಾರು ನೋಡವರು? ನಾಳೆಯಿಂದ ಬಸ್ಸಿಗೆ ಹೋಗಲಿ" ಎಂದು ತೀರ್ಪು ಕೊಟ್ಟರು. ಮಗಳು ಅಳಲಿಲ್ಲ. "ಬಸ್ಸಿನಾಗ ನಿಲ್ಲಾಕ ಜಾಗಾ ಇರೂದಿಲ್ಲ ಅಜ್ಜಿ. ಸೈಕಲ್ ಆದ್ರ ನಾ ಯಾರ ಹಂಗಿನಾಗೂ ಇರೂದಿಲ್ಲ" ಎಂದಳು. ಎರಡೂ ಮಾತಿನಲ್ಲಿ ಸತ್ಯವಿತ್ತು. ಮಗುವಿನ ಜೀವಕ್ಕಿಂತ ದೊಡ್ಡದು ಯಾವುದೂ ಇಲ್ಲ. ಆದರೆ ಹೆದರಿ ಮನೆಯೊಳಗೆ ಕೂರಿಸುವುದನ್ನು ಇಂದು ಆರಂಭಿಸಿದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಸ್ತ್ರೀಯರನ್ನು ಅನುಭವ ಮಂಟಪದಲ್ಲಿ ಸಮಾನವಾಗಿ ಕೂಡಿಸಿದ ಪರಂಪರೆಯವರೆಂದು ಸಭೆಗಳಲ್ಲಿ ಹೆಮ್ಮೆಪಡುವ ನಾವು, ನಮ್ಮ ಮಗಳಿಗೆ ನಾಲ್ಕು ಕಿಲೋಮೀಟರ್ ದಾರಿಯನ್ನು ಕೊಡಲಾರೆವೇ ಎಂಬ ಪ್ರಶ್ನೆ ನಮ್ಮನ್ನು ನಿದ್ದೆಗೆಡಿಸಿತು.

ಆಗ ನಾವು ಮಾಡಿದ್ದು ಇಷ್ಟೇ. ನಾವೂ ಎರಡು ಸೈಕಲ್ಲುಗಳನ್ನು ಕೊಂಡೆವು. ಹೆದ್ದಾರಿಯನ್ನು ಬಿಟ್ಟು ಶಾಲೆಗೆ ಬೇರೆ ದಾರಿ ಇದೆಯೇ ಎಂದು ಭಾನುವಾರಗಳಂದು ಮೂವರೂ ಹುಡುಕಲು ಹೊರಟೆವು. ತೋಟಗಳ ನಡುವೆ, ಕಾಂಕ್ರೀಟು ಹಾಕಿದ ಏರುಗಳ ಮೇಲೆ, ತೋಡುಗಳ ಕಿರುಸೇತುವೆ ದಾಟಿ ಮೂರನೆಯ ವಾರಕ್ಕೆ ಅಂತಹ ದಾರಿ ಸಿಕ್ಕಿತು. ಒಂದು ಕಿಲೋಮೀಟರ್ ಹೆಚ್ಚು. ಆದರೆ ಹೆದ್ದಾರಿಯನ್ನು ಒಂದೇ ಕಡೆ ದಾಟಿದರೆ ಸಾಕು, ಅದೂ ಇಳಿದು ಕೈಯಲ್ಲಿ ತಳ್ಳಿಕೊಂಡು. ದಾರಿ ಸಿಕ್ಕ ಮೇಲೆಯೂ ಭಾನುವಾರದ ತಿರುಗಾಟ ನಿಲ್ಲಲಿಲ್ಲ. ಹುಡುಕುವುದರ ರುಚಿ ಹತ್ತಿಬಿಟ್ಟಿತ್ತು.

ಈ ನಡುವೆ ನಮ್ಮ ಮನೆಯಾಕೆಯ ತಮ್ಮ ಫ್ರಾನ್ಸಿನ ತುಲೂಸ್ ನಗರದಲ್ಲಿ ವಿಮಾನ ತಯಾರಿಕೆಯ ಕೆಲಸದಲ್ಲಿದ್ದವನು ರಜೆಯಲ್ಲಿ ಬಂದು ಹದಿನೈದು ದಿನ ನಮ್ಮಲ್ಲಿ ತಂಗಿದ. ಅಲ್ಲಿ ಅವನಿಗೂ ಸೈಕಲ್ಲಿನ ಗೀಳು. ಆ ದೇಶದ ಹಳ್ಳಿಗಾಡಿನ ಸೈಕಲ್ ದಾರಿಗಳ ಕುರಿತು ಅವನು ಹೇಳಿದ ಸಂಗತಿಗಳು ನಮಗೆ ಹೊಸ ಕಣ್ಣು ಕೊಟ್ಟವು. ತುಲೂಸಿನಿಂದ ಮೆಡಿಟರೇನಿಯನ್ ಕರಾವಳಿಯತ್ತ ಸುಮಾರು 240 ಕಿಲೋಮೀಟರ್ ಉದ್ದದ ಒಂದು ಕಾಲುವೆ ಇದೆ. ಹೆಸರು ಕನಾಲ್ ದ್ಯು ಮಿದಿ. ಪಿಯೆರ್ ಪೌಲ್ ರಿಕೆ ಎಂಬಾತನ ಮುಂದಾಳುತನದಲ್ಲಿ 1666ರಲ್ಲಿ ಆರಂಭವಾಗಿ 1681ರಲ್ಲಿ ಪೂರ್ಣಗೊಂಡದ್ದು. 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹಿಂದೆ ದೋಣಿಗಳನ್ನು ದಡದಿಂದ ಕುದುರೆಗಳು ಎಳೆಯುತ್ತಿದ್ದವಂತೆ. ಕುದುರೆಗಳು ನಡೆದ ಆ ದಡದ ಹಾದಿಯೇ ಇಂದು ಸೈಕಲ್ಲಿನವರ ಹಾದಿ. ನೆರಳಿಗೆಂದು ಸಾಲಾಗಿ ನೆಟ್ಟ ಸಾವಿರಾರು ಮರಗಳಿಗೆ ರೋಗ ತಗುಲಿ, 2006ರಿಂದೀಚೆಗೆ ಅವುಗಳನ್ನು ಕಡಿದು ಬೇರೆ ಜಾತಿಯ ಸಸಿಗಳನ್ನು ನೆಡುತ್ತ ಬಂದಿದ್ದಾರೆಂದೂ ಅವನು ವಿಷಾದದಿಂದ ಹೇಳಿದ.

ಲುವಾರ್ ನದಿಯ ಗುಂಟ ಸುಮಾರು 900 ಕಿಲೋಮೀಟರ್ ಉದ್ದದ ಇನ್ನೊಂದು ಸೈಕಲ್ ಮಾರ್ಗವಿದೆ. ಬರ್ಗಂಡಿ ಪ್ರಾಂತದಲ್ಲಿ ಜಿವ್ರಿಯಿಂದ ಕ್ಲುನಿಯವರೆಗೆ, ರೈಲು ನಿಂತುಹೋದ ಹಳಿಯ ಜಾಡನ್ನೇ 1997ರಲ್ಲಿ 44 ಕಿಲೋಮೀಟರ್ ಉದ್ದದ 'ಹಸಿರು ದಾರಿ'ಯನ್ನಾಗಿ ಮಾಡಿದರು. ಅದು ಆ ದೇಶದ ಮೊದಲ ಹಸಿರು ದಾರಿ. ಅಲ್ಲಿಂದ ಮುಂದೆ ಇಂತಹ ದಾರಿಗಳು ದೇಶದ ತುಂಬ ಹರಡಿದವು. ಅಲ್ಲಿಯವರು ಹೊಸ ನೆಲವನ್ನು ಅಗೆದು ದಾರಿ ಮಾಡಿದ್ದು ಕಡಿಮೆ. ಕಾಲುವೆಯ ದಡ, ಸತ್ತ ರೈಲುಹಾದಿ, ವಾಹನ ಕಡಿಮೆಯಿರುವ ಹಳ್ಳಿಯ ರಸ್ತೆ, ಹೀಗೆ ಇದ್ದದ್ದನ್ನೇ ಜೋಡಿಸಿ, ತಿರುವು ತಿರುವಿಗೆ ಫಲಕ ನೆಟ್ಟರು. ದಾರಿಯಿಂದ ಐದು ಕಿಲೋಮೀಟರ್ ಒಳಗಿರುವ ವಸತಿಗೃಹಗಳು ಸೈಕಲ್ಲನ್ನು ಸುರಕ್ಷಿತವಾಗಿ ಇಡಲು ಜಾಗ, ದುರಸ್ತಿಯ ಸಲಕರಣೆ ಮುಂತಾದ ಅನುಕೂಲ ಒದಗಿಸಿದರೆ 'ಸೈಕಲ್ ಸ್ವಾಗತ' ಎಂಬರ್ಥದ ಗುರುತಿನ ಫಲಕ ದೊರೆಯುತ್ತದೆ.

ಇದೆಲ್ಲದರ ಹಿಂದೆ ಒಬ್ಬ ಹಿರಿಯನ ನೆರಳಿದೆ. ಸೇಂತ್ ಎತಿಯೆನ್ ಎಂಬ ಊರಿನಲ್ಲಿದ್ದ ಪೌಲ್ ದ ವಿವಿ, 1853ರಲ್ಲಿ ಹುಟ್ಟಿ 1930ರಲ್ಲಿ ತೀರಿಕೊಂಡವರು. 'ವೆಲೋಸಿಯೋ' ಎಂಬ ಹೆಸರಿನಿಂದ ಸೈಕಲ್ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಪಂದ್ಯಕ್ಕಲ್ಲ, ನಾಡು ನೋಡಲು ಸೈಕಲ್ ತುಳಿಯಬೇಕೆಂಬುದು ಅವರ ಬೋಧೆ. ಬೆಟ್ಟ ಹತ್ತಲು ಬೇರೆ ಬೇರೆ ಗಾತ್ರದ ಹಲ್ಲುಚಕ್ರಗಳು, ಎಂದರೆ ಗೇರುಗಳು, ಬೇಕೆಂದು ಅವರು ವಾದಿಸಿದಾಗ ಪಂದ್ಯದ ವೀರರು ನಕ್ಕರಂತೆ. ಪ್ರಸಿದ್ಧವಾದ 'ಟೂರ್ ದ ಫ್ರಾನ್ಸ್' ಪಂದ್ಯದಲ್ಲಿ ಚೈನು ಜಾರಿಸುವ ಗೇರಿಗೆ ಅನುಮತಿ ಸಿಕ್ಕಿದ್ದೇ 1937ರಲ್ಲಿ. ಹಸಿವಾಗುವ ಮೊದಲೇ ಸ್ವಲ್ಪ ತಿನ್ನಬೇಕು, ಬಾಯಾರುವ ಮೊದಲೇ ನೀರು ಕುಡಿಯಬೇಕು, ಬಲ ಪ್ರದರ್ಶಿಸಲು ಹೋಗಬಾರದೆಂಬುದು ಅವರ ಉಪದೇಶದ ಸಾರ. ಅವರು ಸಸ್ಯಾಹಾರಿಯಾಗಿದ್ದರೆಂಬುದನ್ನು ಕೇಳಿದ ಅವ್ವನಿಗೆ ಆ ಫ್ರೆಂಚ್ ಅಜ್ಜನ ಮೇಲೆ ತಟ್ಟನೆ ವಿಶ್ವಾಸ ಮೂಡಿತು. "ರೊಟ್ಟಿ ತಿಂದರ ಎಷ್ಟ ದೂರಾನೂ ತುಳೀಬಹುದು ಅಂದಂಗಾತು" ಎಂದರು. ಅವ್ವನ ಬಾಯಿಂದ ಸೈಕಲ್ಲಿನ ಪರವಾಗಿ ಹೊರಟ ಮೊದಲ ಮಾತು ಅದು.

ಅಳಿಯನ ಮಾತು ಕೇಳಿದ ಮೇಲೆ ಫ್ರಾನ್ಸಿಗೆ ಹೋಗಬೇಕೆಂಬ ಆಸೆ ನಮಗೆ ಹುಟ್ಟಲಿಲ್ಲ. ಲಾಯಿಲದ ಸುತ್ತ ಇರುವ ದಾರಿಗಳನ್ನೇ ಹಾಗೆ ಜೋಡಿಸಿ ನೋಡಬೇಕೆಂದು ತೋರಿತು. ಮೊದಲು ಚಿಕ್ಕ ಸುತ್ತು. ಕಿಲ್ಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಸಾಗಿದರೆ ಗಡಾಯಿಕಲ್ಲು ತಿರುವು ತಿರುವಿಗೂ ಬೇರೆ ಬೇರೆ ಆಕಾರದಲ್ಲಿ ಕಾಣಿಸುತ್ತದೆ. ಒಮ್ಮೆ ಲಿಂಗಾಕಾರ, ಒಮ್ಮೆ ಮಲಗಿದ ಆನೆ. ಟಿಪ್ಪು ಸುಲ್ತಾನ 1794ರಲ್ಲಿ ಅದರ ಮೇಲೆ ಕೋಟೆ ಕಟ್ಟಿಸಿ, ತಾಯಿಯ ನೆನಪಿಗೆ ಜಮಾಲಾಬಾದ್ ಎಂದು ಹೆಸರಿಟ್ಟ. ಅದಕ್ಕೂ ಹಿಂದಿನ ಹೆಸರು ನರಸಿಂಹಗಡ. ನಾಡ ಗ್ರಾಮದ ಸುರ್ಯ ಸದಾಶಿವರುದ್ರ ದೇವಸ್ಥಾನ ಈ ಸುತ್ತಿನಲ್ಲಿಯೇ ಬರುತ್ತದೆ. ಅಲ್ಲಿ ಶಿವನಿಗೆ ಸಲ್ಲುವ ಹರಕೆ ಮಣ್ಣಿನ ಬೊಂಬೆಗಳು. ಮನೆ ಬೇಕೆಂದವರು ಮಣ್ಣಿನ ಮನೆ, ಮಗು ಬೇಕೆಂದವರು ಮಣ್ಣಿನ ತೊಟ್ಟಿಲು, ಕಾಲುನೋವು ವಾಸಿಯಾಗಲೆಂದವರು ಮಣ್ಣಿನ ಕಾಲು ಒಪ್ಪಿಸುತ್ತಾರೆ. ಹರಕೆಯ ಬನದಲ್ಲಿ ಆ ಬೊಂಬೆಗಳು ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ಮಣ್ಣೇ ಆಗುತ್ತವೆ. ಅವುಗಳ ನಡುವೆ ಸೈಕಲ್ ಇದೆಯೇ ಎಂದು ಮಗಳು ಬಹಳ ಹೊತ್ತು ಹುಡುಕಿದಳು. ಕಾರು ಸಿಕ್ಕಿತು, ಸೈಕಲ್ ಸಿಗಲಿಲ್ಲ. "ಸೈಕಲ್ ಬೇಕಂತ ಯಾರೂ ಬೇಡ್ಕೊಳ್ಳೂದಿಲ್ಲೇನು ಅಪ್ಪಾಜಿ?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಧರ್ಮಸ್ಥಳಕ್ಕೆ ಉಜಿರೆಯಿಂದ ಒಂಬತ್ತು ಕಿಲೋಮೀಟರ್. ಯಾತ್ರಿಕರ ವಾಹನಗಳು ಹೆಚ್ಚಾದ್ದರಿಂದ ನಾವು ಬೆಳಗಿನ ಜಾವ ಐದೂವರೆಗೆ ಹೊರಟು ಏಳರೊಳಗೆ ನೇತ್ರಾವತಿಯ ಸ್ನಾನಘಟ್ಟ ಸೇರಿಕೊಳ್ಳುತ್ತಿದ್ದೆವು. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಈ ದಾರಿಯನ್ನು ನೋಡಬೇಕು. ಬೆಂಗಳೂರು, ಹಾಸನ, ಚಿಕ್ಕಮಗಳೂರಿನ ಕಡೆಗಳಿಂದ ದಿನಗಟ್ಟಲೆ ನಡೆದು ಚಾರ್ಮಾಡಿ ಘಾಟಿ ಇಳಿದು ಬರುವ ಪಾದಯಾತ್ರಿಗಳ ಸಾಲು. ಹೆಗಲಲ್ಲಿ ಚೀಲ, ಕಾಲಿಗೆ ಬಟ್ಟೆಯ ಪಟ್ಟಿ, ಬಾಯಲ್ಲಿ ಮಂಜುನಾಥನ ನಾಮ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಹಣ್ಣು ಹಂಚುವವರು. ಜಾತಿ ಕೇಳುವವರಿಲ್ಲ, ಊರು ಕೇಳುವವರಿದ್ದಾರೆ. ದಾಸೋಹವೆಂಬ ಮಾತಿನ ಅರ್ಥವನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ನಮ್ಮ ದೊಡ್ಡ ಪಯಣ ಎರಡು ದಿನಗಳದು. 2025ರ ಜನವರಿಯಲ್ಲಿ, ಮೂವರೂ ಕೂಡಿ. ಸಿದ್ಧತೆಯ ಕುರಿತು ಒಂದೆರಡು ಮಾತು ಹೇಳುವುದು ಉಪಯುಕ್ತ. ಹೆಚ್ಚುವರಿ ಟ್ಯೂಬು, ಪಂಕ್ಚರ್ ಹಾಕುವ ಪಟ್ಟಿ ಮತ್ತು ಅಂಟು, ಟಯರ್ ಬಿಚ್ಚುವ ಲಿವರ್, ಕೈಪಂಪು, ಒಂದು ಸ್ಪ್ಯಾನರು, ಎರಡು ಬಾಟಲಿ ನೀರು. ಕ್ಯಾರಿಯರಿಗೆ ಕಟ್ಟಿದ ಚೀಲದಲ್ಲಿ ಒಂದೊಂದು ಜೊತೆ ಬಟ್ಟೆ. ಅವ್ವ ಹಿಂದಿನ ದಿನ ಕುಳಿತು ಬಡಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಎರಡು ದಿನವೇನು, ಎಂಟು ದಿನವಾದರೂ ಕೆಡದ ಬುತ್ತಿ. ಸೈಕಲ್ ಗೇರಿನದೇ ಆಗಿರಬೇಕು. ಈ ಸೀಮೆಯ ಏರುಗಳಲ್ಲಿ ಒಂದೇ ಹಲ್ಲುಚಕ್ರದ ಸೈಕಲ್ ಅರ್ಧ ದಾರಿ ತಳ್ಳುವುದಕ್ಕೆ ಮಾತ್ರ.

ಮೊದಲ ದಿನ ಗುರುವಾಯನಕೆರೆಯಲ್ಲಿ ಹೆದ್ದಾರಿಗೆ ಬೆನ್ನು ತಿರುಗಿಸಿದೆವು. ಊರಿಗೆ ಹೆಸರು ಕೊಟ್ಟ ಆ ವಿಶಾಲವಾದ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅಲ್ಲಿಂದ ವೇಣೂರಿನ ದಾರಿ. ಅಂಗಳಗಳಲ್ಲಿ ಅಡಿಕೆ ಒಣಗುತ್ತಿತ್ತು, ರಬ್ಬರ್ ಹಾಳೆಗಳು ಹಗ್ಗದ ಮೇಲೆ ಬಟ್ಟೆಯಂತೆ ತೂಗುತ್ತಿದ್ದವು. ಕಾರಿನಲ್ಲಿ ಹೋದವರಿಗೆ ಈ ಸೀಮೆ ಬರೀ ಹಸಿರು. ಸೈಕಲ್ಲಿನವರಿಗೆ ಅದರ ವಾಸನೆಗಳೂ ತಿಳಿಯುತ್ತವೆ. ಬೇಯಿಸಿದ ಭತ್ತ, ಹೊಗೆಗಿಟ್ಟ ರಬ್ಬರು, ಸೆಗಣಿ ಸಾರಿಸಿದ ಅಂಗಳ. ವೇಣೂರಿನಲ್ಲಿ ಫಲ್ಗುಣಿ ನದಿಯ ದಡದ ಬಾಹುಬಲಿ ಮೂರ್ತಿ 35 ಅಡಿ ಎತ್ತರದ್ದು. ಅಜಿಲ ಮನೆತನದ ವೀರ ತಿಮ್ಮಣ್ಣ ಅರಸ 1604ರಲ್ಲಿ ನಿಲ್ಲಿಸಿದ್ದು. 2024ರಲ್ಲಿ ಮಹಾಮಸ್ತಕಾಭಿಷೇಕ ಕಂಡ ಆ ಬಯಲು ನಾವು ಹೋದ ದಿನ ನಿಶ್ಶಬ್ದವಾಗಿತ್ತು. ಎಲ್ಲವನ್ನೂ ಬಿಟ್ಟು ನಿಂತ ಆ ಮೂರ್ತಿಯೆದುರು ನಮ್ಮ ಮೂರು ಚೀಲಗಳೂ ಹೆಚ್ಚೆನಿಸಿದವು.

ಸಂಜೆಯ ಹೊತ್ತಿಗೆ ಮೂಡುಬಿದಿರೆ. ಹದಿನೆಂಟು ಬಸದಿಗಳ ಊರು. 1430ರ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಹೇಳುತ್ತಾರೆ. ಮಗಳು ಪರೀಕ್ಷಿಸಲು ಹೊರಟು ಇಪ್ಪತ್ತಕ್ಕೆ ಸೋತಳು. ರಾತ್ರಿ ಅಲ್ಲಿಯೇ ತಂಗಿದೆವು. ಮರುದಿನ ಕಾರ್ಕಳದವರೆಗಿನ ಹದಿನೆಂಟು ಕಿಲೋಮೀಟರ್ ಇಡೀ ಪಯಣದ ಕಹಿ ಭಾಗ. ಅದು ರಾಷ್ಟ್ರೀಯ ಹೆದ್ದಾರಿ 169, ಅಲ್ಲಿಯೂ ಅಗಲೀಕರಣ. ಧೂಳು ಕುಡಿದು, ಬಸ್ಸುಗಳ ಗಾಳಿಗೆ ಹ್ಯಾಂಡಲು ಬಿಗಿಹಿಡಿದು, ಮಗಳನ್ನು ನಡುವೆ ಇಟ್ಟುಕೊಂಡು ಸಾಗಿದೆವು. ಕಾರ್ಕಳದಲ್ಲಿ 1432ರ 42 ಅಡಿಯ ಬಾಹುಬಲಿಯನ್ನು ಕಂಡು ಬಜಗೋಳಿ, ನಾರಾವಿ, ಅಳದಂಗಡಿಯ ಮೇಲೆ ಗುರುವಾಯನಕೆರೆಗೆ ಮರಳಿದೆವು. ಈ ದಾರಿಯುದ್ದಕ್ಕೂ ಘಟ್ಟದ ಸಾಲು ಎಡಗಡೆ ಜೊತೆ ಬರುತ್ತದೆ. ಒಟ್ಟು ನೂರು ಕಿಲೋಮೀಟರಿನ ಆಸುಪಾಸು. ಕಾರಿಗೆ ಮೂರು ತಾಸಿನ ದಾರಿ. ನಮಗೆ ಎರಡು ದಿನ ಹಿಡಿಯಿತು.

ಆ ಎರಡು ದಿನಗಳಲ್ಲಿ ನಮಗೆ ಸಿಕ್ಕ ದೊಡ್ಡ ಲಾಭ ಮೂರ್ತಿಗಳ ದರ್ಶನವಲ್ಲ. ನಾರಾವಿಯ ಈಚೆ ಒಂದು ಏರಿನ ತುದಿಯಲ್ಲಿ ಮಗಳ ಸೈಕಲ್ಲಿನ ಗಾಳಿ ಹೋಯಿತು. ಎದುರಿನ ಮನೆಯ ಜಗಲಿಯಿಂದ ಒಬ್ಬ ಅಜ್ಜಿ ಇಳಿದು ಬಂದು, "ಎಂತ ಮಾರಾಯ್ರೆ, ಈ ಬಿಸಿಲಿಗೆ ಸೈಕಲಾ? ಪೆಟ್ರೋಲಿಗೆ ಅಷ್ಟು ರೇಟಾಯಿತಾ?" ಎಂದು ನಕ್ಕರು. ನಾವು ಚಕ್ರ ಬಿಚ್ಚುವಷ್ಟರಲ್ಲಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಚೊಂಬಿನ ತುಂಬ ನೀರು ಬಂದಿತ್ತು. ಬಂದವರಿಗೆ ಬೆಲ್ಲ ನೀರು ಕೊಡುವುದು ಈ ಸೀಮೆಯ ಹಳೆಯ ಮರ್ಯಾದೆ. ಆಮೇಲೆ ಪುನರ್ಪುಳಿಯ ಶರಬತ್ತು. ನಾವು ರೊಟ್ಟಿ, ಚಟ್ನಿ ಬಿಚ್ಚಿ ಅವರಿಗೂ ಕೊಟ್ಟೆವು. ಆ ಅಜ್ಜಿ ಜೋಳದ ರೊಟ್ಟಿಯನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡು, "ಇದು ಹಪ್ಪಳವಾ?" ಎಂದು ಕೇಳಿದ್ದನ್ನು ನೆನೆದು ನಾವು ಮನೆಯವರೆಗೂ ನಕ್ಕೆವು. ಫ್ರಾನ್ಸಿನಲ್ಲಿ ಫಲಕ ಹಚ್ಚಿ, ನಿಯಮ ಮಾಡಿ ನಡೆಸುವ 'ಸೈಕಲ್ ಸ್ವಾಗತ' ಇಲ್ಲಿ ಯಾವ ಫಲಕವೂ ಇಲ್ಲದೆ ಜಗಲಿಯ ಮೇಲೆ ಕುಳಿತಿದೆ. ನಮ್ಮಲ್ಲಿ ಸ್ವಾಗತಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ರಸ್ತೆಯ ಅಂಚಿನಲ್ಲಿ ಒಂದು ಗಜದ ಸುರಕ್ಷಿತ ಜಾಗಕ್ಕೆ.

ಚಾರ್ಮಾಡಿ ಘಾಟಿಯನ್ನು ನಾವಿಬ್ಬರೇ ಏರಿದೆವು. ಮಗಳನ್ನು ಕರೆದೊಯ್ಯಲಿಲ್ಲ. ಅದು ಹೆದ್ದಾರಿ, ತಿರುವುಗಳು ಕಡಿದು, ಇಳಿಯುವ ವಾಹನಗಳಿಗೆ ತಾಳ್ಮೆ ಕಡಿಮೆ. ಚಾರ್ಮಾಡಿ ಊರಿನಿಂದ ಕೊಟ್ಟಿಗೆಹಾರದವರೆಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಏರು. ಫೆಬ್ರವರಿಯ ತಂಪಿನಲ್ಲಿಯೂ ಬೆವರು ಹರಿಯಿತು. 2019ರ ಆಗಸ್ಟಿನ ಮಹಾಮಳೆಗೆ ಈ ಘಾಟಿಯ ಗುಡ್ಡಗಳು ಅಲ್ಲಲ್ಲಿ ಜರಿದು, ರಸ್ತೆ ತಿಂಗಳುಗಟ್ಟಲೆ ಮುಚ್ಚಿತ್ತು. ಬುಡದ ಹಳ್ಳಿಗಳಲ್ಲಿ ತೋಟ, ಮನೆ, ಸೇತುವೆಗಳು ಕೊಚ್ಚಿಹೋದವು. ಜರಿದ ಜಾಗಗಳಲ್ಲಿ ಇನ್ನೂ ಮಣ್ಣಿನ ಗಾಯಗಳು ಕಾಣುತ್ತವೆ. ಕಾರಿನಲ್ಲಿ ಕುಳಿತವರು ಅವುಗಳನ್ನು ಕ್ಷಣದಲ್ಲಿ ದಾಟಿಹೋಗುತ್ತಾರೆ. ಒಂದೊಂದು ಗಾಯದ ಎದುರೂ ಐದು ನಿಮಿಷ ತುಳಿಯಬೇಕಾದವರಿಗೆ ಈ ಬೆಟ್ಟ ಎಷ್ಟು ಸೂಕ್ಷ್ಮವೆಂದು ಯಾರೂ ಹೇಳಬೇಕಿಲ್ಲ. ಕೊಟ್ಟಿಗೆಹಾರದ ನೀರುದೋಸೆಯ ಹೆಸರು ಕೇಳದವರಿಲ್ಲ. ಅಂದು ಅದರ ಲೆಕ್ಕವನ್ನು ನಾವು ಇಡಲಿಲ್ಲ. ಇಳಿಯುವಾಗ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಬೇಕು. ಒಂದೇ ಸಮನೆ ಹಿಡಿದರೆ ಚಕ್ರದ ಅಂಚು ಕಾಯುತ್ತದೆ. ಮಳೆಗಾಲದಲ್ಲಿ ಘಾಟಿಯ ಆಲೋಚನೆಯನ್ನೇ ಮಾಡಬಾರದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಒಳದಾರಿಯ ಕಾಂಕ್ರೀಟಿನ ಮೇಲೂ ಪಾಚಿ ಕಟ್ಟಿ ಜಾರುತ್ತದೆ. ಅಂತಹ ಕಡೆ ಇಳಿದು ನಡೆಯುವುದೇ ಜಾಣತನ.

ಸೈಕಲ್ಲು ನಮ್ಮ ಸಮಾಜಕ್ಕೆ ಹೊಸದಲ್ಲವೆಂಬುದನ್ನು ಮರೆಯಬಾರದು. ವಿಜಯಪುರ, ಬಾಗಲಕೋಟೆ, ಜಮಖಂಡಿ ಸೀಮೆಯ ರೈತಮಕ್ಕಳು ರಾಷ್ಟ್ರಮಟ್ಟದ ಸೈಕಲ್ ಪಂದ್ಯಗಳಲ್ಲಿ ದಶಕಗಳಿಂದ ಹೆಸರು ಮಾಡುತ್ತ ಬಂದಿದ್ದಾರೆ. ಫ್ರಾನ್ಸಿನಲ್ಲಿ 1891ರಲ್ಲಿ ಆರಂಭವಾಗಿ ಈಗ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1200 ಕಿಲೋಮೀಟರಿನ ಪಯಣಕ್ಕೆ ಕರ್ನಾಟಕದಿಂದಲೂ ಹವ್ಯಾಸಿಗಳು ಹೋಗಿಬಂದಿದ್ದಾರೆ. ನಮ್ಮ ಸರ್ಕಾರವೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತ ಬಂದಿತ್ತು. ಆ ಸೈಕಲ್ಲುಗಳ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಸಾಲಾಗಿ ಶಾಲೆಗೆ ಹೋಗುತ್ತಿದ್ದ ದೃಶ್ಯವನ್ನು ನಮ್ಮ ಊರಿನಲ್ಲಿ ಕಂಡಿದ್ದೇವೆ. ಕೋವಿಡ್ ಬಂದ 2020ರಲ್ಲಿ ವಿತರಣೆ ನಿಂತಿತು. ಅದರೊಡನೆ ಆ ಸಾಲುಗಳೂ ತೆಳುವಾದವು.

ಮಗಳು ಹತ್ತನೆಯ ತರಗತಿಯವರೆಗೂ ಆ ಒಳದಾರಿಯಲ್ಲಿಯೇ ಸೈಕಲ್ಲಿನಲ್ಲಿ ಹೋಗಿಬಂದಳು. ಅವಳನ್ನು ನೋಡಿ ನೆರೆಯ ಇಬ್ಬರು ಹೆಣ್ಣುಮಕ್ಕಳು ಜೊತೆಗೂಡಿದರು. ಮೂವರಾದ ಮೇಲೆ ಅವ್ವನ ಭಯವೂ ಅರ್ಧವಾಯಿತು. ಪೂರ್ತಿ ಹೋಯಿತೆಂದು ನಾವು ಹೇಳುವುದಿಲ್ಲ. ಸಂಜೆ ಐದರ ಮೇಲೆ ಬಾಗಿಲಲ್ಲಿ ನಿಂತು ದಾರಿ ನೋಡುವುದನ್ನು ಅವ್ವ ಒಂದು ದಿನವೂ ಬಿಡಲಿಲ್ಲ. ಭಯ ಇರಲಿ, ಅದು ಪ್ರೀತಿಯದೇ ಇನ್ನೊಂದು ಮುಖ. ಆದರೆ ಆ ಭಯ ಮಗುವಿನ ಕಾಲು ಕಟ್ಟಬಾರದು. ಅದು ದಾರಿಯನ್ನು ಸರಿಪಡಿಸುವ ಕೆಲಸಕ್ಕೆ ನಮ್ಮನ್ನು ಹಚ್ಚಬೇಕು. ಇಷ್ಟೇ ನಾವು ಈ ತಿರುಗಾಟದಿಂದ ಕಲಿತ ಪಾಠ.

ಆದ್ದರಿಂದ ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ದೊಡ್ಡದಲ್ಲ. ಒಂದು ಭಾನುವಾರ ಮಕ್ಕಳೊಡನೆ ನಿಮ್ಮ ಊರಿನ ಸುತ್ತ ಸೈಕಲ್ಲಿನಲ್ಲಿ ಹೊರಡಿ. ಶಾಲೆಗೆ, ಮಠಕ್ಕೆ, ಸಂತೆಗೆ ಹೆದ್ದಾರಿ ಬಿಟ್ಟು ಹೋಗುವ ಹಾದಿ ಯಾವುದೆಂದು ಹುಡುಕಿ, ಒಂದು ಹಾಳೆಯ ಮೇಲೆ ಬರೆದು ಶಾಲೆಯ ಗೋಡೆಗೆ ಅಂಟಿಸಿ. ತಿರುವಿನಲ್ಲಿ ಒಂದು ಚಿಕ್ಕ ಫಲಕ ನೆಡಲು ಪಂಚಾಯತಿಯವರನ್ನು ಕೇಳಿ, ಅದಕ್ಕೆ ದೊಡ್ಡ ಹಣ ಬೇಕಾಗುವುದಿಲ್ಲ. ರಸ್ತೆ ಅಗಲವಾಗುವ ಊರಿನವರು, ಅಂಚಿನಲ್ಲಿ ಮಕ್ಕಳ ಸೈಕಲ್ಲಿಗೂ ಜಾಗವಿರಲಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ. ನಮ್ಮ ಮಠಗಳ, ಮನೆಗಳ ಮುಂದೆ ಒಂದು ಕೊಡ ತಣ್ಣೀರು, ಒಂದು ಕಾಲ್ಪಂಪು ಇಟ್ಟರೆ ಅದೂ ದಾಸೋಹವೇ. ಲಾಯಿಲದ ನಮ್ಮ ಮನೆಯ ಗೇಟಿನ ಒಳಗೆ ಎರಡನ್ನೂ ಇಟ್ಟಿದ್ದೇವೆ. ಈ ಹಾದಿಯಲ್ಲಿ ಬಂದವರು ಗಾಳಿ ತುಂಬಿಕೊಳ್ಳಬಹುದು, ಅವ್ವ ಮನೆಯಲ್ಲಿದ್ದರೆ ರೊಟ್ಟಿಯೂ ಸಿಗುತ್ತದೆ.